ಅತ್ತೆಯ ಸಾಕ್ಷಿ

ಬಂದರಿನ ಹಿಂಬದಿಯ ರಸ್ತೆಯಲ್ಲಿ ಲಾರಿಗಳಿಗೆ, ದೋಣಿಗಳಿಗೆ ಟಾರ್ಪಾಲು ಹೊಲಿದುಕೊಡುವ ಅಂಗಡಿಯೊಂದಿತ್ತು. ಅದರ ಒಡತಿಯನ್ನು ಕೆಲಸದವರೂ ಗಿರಾಕಿಗಳೂ ಯಜಮಾನಿ ಎಂದೇ ಕರೆಯುತ್ತಿದ್ದರು. ಗಂಡ ಕಟ್ಟಿದ ಅಂಗಡಿ ಅದು. ಗಂಡ ತೀರಿಕೊಂಡ ಮೇಲೆ ಮಗ ನೋಡಿಕೊಂಡ. ಜ್ವರವೆಂದು ಮಲಗಿದ ಆ ಮಗನೂ ಮೇಲೇಳದೆ ಹೋದಾಗ ಉಳಿದವರು ಯಜಮಾನಿ ಮತ್ತು ಸೊಸೆ, ಇಬ್ಬರೇ.

ಮದುವೆಯಾಗಿ ಬಂದು ಎರಡು ವರ್ಷವೂ ತುಂಬಿರದ ಹುಡುಗಿ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೊರಡುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಹೊರಡಲಿಲ್ಲ. ಒಂದು ಬೆಳಿಗ್ಗೆ ಕೆಳಗಿಳಿದು ಬಂದು ಗಂಡನ ಮೆಷಿನ್ನಿನ ಮುಂದೆ ಕೂತು, "ಅತ್ತೆ, ಈ ಪೆಡಲ್ ಯಾಕೆ ಇಷ್ಟು ಬಿಗಿ?" ಎಂದು ಕೇಳಿದಳು. ಅಷ್ಟೇ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರ ಬದುಕು ಸಾಗಿತು. ಅತ್ತೆ ಸೊಸೆಯ ಜಗಳ ಕೇಳೋಣವೆಂದು ಅಕ್ಕಪಕ್ಕದವರು ಕಿವಿ ನಿಮಿರಿಸಿಕೊಂಡು ಕಾದದ್ದೇ ಬಂತು. ಇಬ್ಬರೂ ಮಾತು ಕಮ್ಮಿ. ಮೆಷಿನ್ನುಗಳ ಸದ್ದಿನಲ್ಲಿ ಅದೂ ಯಾರಿಗೂ ಕೇಳುತ್ತಿರಲಿಲ್ಲ.

ಸೊಸೆಗೆ ಮೂವತ್ತೈದು ದಾಟಿದ ಮೇಲೆ, ಒಂದು ಮಧ್ಯಾಹ್ನ, ಲಾರಿಯ ಟಾರ್ಪಾಲಿನ ಅಂಚು ಮಡಚಿ ಹೊಲಿಯುತ್ತಿದ್ದಾಗ ಅವಳ ಫೋನು ಗುನುಗಿತು. ಅವಳು ಓದಿದಳು. ಫೋನನ್ನು ಬೋರಲು ಹಾಕಿದಳು. ಮತ್ತೆ ಪೆಡಲ್ ತುಳಿದಳು. ನಾಲ್ಕು ಪದರದ ಬಟ್ಟೆ ತೂರುವ ದಪ್ಪ ಸೂಜಿ ಅವಳ ತೋರುಬೆರಳನ್ನು ಹೊಕ್ಕು ಕೆಳಗೆ ಇಳಿಯಿತು.

ಎದುರು ಕೂತಿದ್ದ ಯಜಮಾನಿ ಒಂದೇ ನೆಗೆತಕ್ಕೆ ಎದ್ದು ಬಂದಳು. ಚಕ್ರವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಸೂಜಿ ಎತ್ತಿದಳು, ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಸೊಸೆ ಬೋರಲು ಬಿದ್ದ ಫೋನನ್ನೇ ನೋಡುತ್ತಿದ್ದಳು.

"ನೋವಾಗ್ತಿಲ್ವೇನೇ?"

"ಆಗ್ತಾ ಇದೆ ಅತ್ತೆ" ಎಂದಳು. ಆಮೇಲೆ ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಬೆರಳಿಗಾಗಿ ಅಷ್ಟು ಅಳುವವಳಲ್ಲ ಅವಳು.

ಯಜಮಾನಿ ಬಟ್ಟೆಯ ಚೂರು ಸುತ್ತಿ ಗಂಟು ಹಾಕುತ್ತ, ತಲೆ ಎತ್ತದೆ ಕೇಳಿದಳು: "ಈ ಸಲವೂ ಅವನಿಗೆ ವೀಸಾ ಕೊಡ್ಲಿಲ್ವಾ?"

ಸೊಸೆಯ ಅಳು ಗಕ್ಕನೆ ನಿಂತಿತು. 'ಅವನು' ಎಂಬ ಮಾತು ಆ ಮನೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ.

ಅವನೆಂದರೆ ಕ್ರೇನಿನವನು. ಬಂದರಿಗೆ ಹೊಸ ಕ್ರೇನು ಜೋಡಿಸಲು ಬಂದಿದ್ದ ಪರದೇಶದ ಕಂಪನಿಯ ಮೆಕ್ಯಾನಿಕ್. ನಲವತ್ತರ ಆಸುಪಾಸಿನ, ಉದ್ದ ಕೈಕಾಲಿನ, ಸಂಕೋಚದ ಮನುಷ್ಯ. ಕ್ರೇನಿನ ಮೋಟಾರಿಗೆ ಹೊದಿಕೆ ಹೊಲಿಸಲು ಅಂಗಡಿಗೆ ಬಂದವನು, ಕೆಲಸ ಮುಗಿದು ತನ್ನ ದೇಶಕ್ಕೆ ಮರಳುವವರೆಗೂ ಏನಾದರೊಂದು ನೆಪ ತೆಗೆದು ಬರುತ್ತಲೇ ಇದ್ದ. ಅವನು ಹೋಗಿ ಮೂರು ವರ್ಷವಾಗಿತ್ತು.

ಮರುದಿನ ಯಜಮಾನಿ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ, "ವೀಸಾಕ್ಕೆ ಅಂತ ನೀನು ಗುಟ್ಟಾಗಿ ಹೋಗಿ ಬರ್ತಿರೋ ಆ ಲಾಯರಮ್ಮನ ಹತ್ರ ನಾನೂ ಬರ್ತೀನಿ, ನಡಿ" ಎಂದಳು. ಲಾಯರಮ್ಮನ ಕಚೇರಿ ಟಿಕೆಟ್ ಬುಕಿಂಗ್ ಅಂಗಡಿಯೊಂದರ ಮೇಲಿತ್ತು. ಕಿರಿದಾದ ಮೆಟ್ಟಿಲು, ಗೋಡೆಗೆ ಆನಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಕಾಯುತ್ತಿದ್ದವರೆಲ್ಲ ತಂತಮ್ಮ ಫೋನು ನೋಡುತ್ತಿದ್ದರು, ಒಬ್ಬಳು ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು.

ಲಾಯರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. "ಅವರನ್ನ ಇಲ್ಲಿಗೆ ಕರೆಸೋದು ಕಷ್ಟ ಅಮ್ಮಾ. ಭೇಟಿ ವೀಸಾ ಎರಡು ಸಲ ಬೇಡ ಅಂದಿದ್ದಾರೆ. ಅವರು ಮನಸ್ಸಿಟ್ಟವರು ಇಲ್ಲಿದ್ದಾರೆ, ಬಂದ್ರೆ ವಾಪಸ್ ಹೋಗಲ್ಲ ಅನ್ನೋದು ನಮ್ಮ ಸರ್ಕಾರದವರ ಅನುಮಾನ. ಕೆಲಸದ ವೀಸಾ ಬೇಕಾದ್ರೆ ಇಲ್ಲಿ ಯಾರಾದ್ರೂ ಕೆಲಸ ಕೊಡಬೇಕು. ಕ್ರೇನ್ ನಿಂತಾಯ್ತು, ಕಂಪನಿ ಹೋಯ್ತು. ಇಬ್ಬರೂ ಬೇರೆ ಯಾವುದೋ ದೇಶದಲ್ಲಿ ಸೇರಿ ಮದುವೆಯಾಗಿ, ಆಮೇಲೆ ಗಂಡ ಅಂತ ಅರ್ಜಿ ಹಾಕಬಹುದು. ಅದಾದ್ರೂ ವರ್ಷಗಟ್ಟಲೆ ಎಳೆಯುತ್ತೆ. ಅಷ್ಟು ದಿನ ಇವರಿಲ್ಲಿ, ಅವರಲ್ಲಿ."

"ಮತ್ತೆ ದಾರಿನೇ ಇಲ್ವಾ?"

ಲಾಯರಮ್ಮ ಸೊಸೆಯ ಮುಖ ನೋಡಿದಳು. "ಇದೆ. ಮೊದಲನೇ ದಿನವೇ ಇವರಿಗೆ ಹೇಳಿದ್ದೆ. ಮದುವೆ ನಿಶ್ಚಯವಾದವರಿಗೆ ಅಂತಲೇ ಅವರ ದೇಶದಲ್ಲಿ ಒಂದು ವೀಸಾ ಇದೆ. ಇವರು ಅಲ್ಲಿಗೆ ಹೋಗಿ, ಗಡುವಿನೊಳಗೆ ಮದುವೆಯಾಗಿ, ಅಲ್ಲೇ ಇರಬಹುದು. ಕೆಲವೇ ತಿಂಗಳ ಮಾತು."

"ಅದು ಬೇಡ ಅಂತ ಆಗಲೇ ಹೇಳಿದ್ದೀನಲ್ಲ" ಎಂದಳು ಸೊಸೆ, ಅವಸರವಾಗಿ.

ಯಾಕೆ ಬೇಡ ಎಂದು ಯಜಮಾನಿ ಕೇಳಲಿಲ್ಲ. ಮೂರು ವರ್ಷದಿಂದ ಒಂದು ಬಾಗಿಲು ತೆರೆದೇ ಇತ್ತು, ಈ ಹುಡುಗಿ ತನ್ನ ಮುಖ ನೋಡಿಕೊಂಡು ಅದರತ್ತ ಕಾಲಿಟ್ಟಿರಲಿಲ್ಲ. ಅದು ತನಗೆ ಸಂತೋಷವೋ ಸಂಕಟವೋ ಅವಳಿಗೇ ತಿಳಿಯಲಿಲ್ಲ.

"ಅದಕ್ಕೇನು ಬೇಕು ಹೇಳಿ" ಎಂದಳು.

"ಅತ್ತೆ!"

"ನೀನು ಸುಮ್ನಿರು. ಹೇಳಿ ಲಾಯರಮ್ಮ."

"ಸಂಬಂಧ ನಿಜ ಅನ್ನೋಕೆ ಸಾಕ್ಷಿ ಬೇಕು. ವೀಸಾಗೋಸ್ಕರ ಮದುವೆಯ ನಾಟಕ ಆಡೋರು ತುಂಬ ಜನ ಇದ್ದಾರೆ, ಹಾಗಾಗಿ ಕೆದಕಿ ಕೆದಕಿ ಕೇಳ್ತಾರೆ." ಅವಳು ಸೊಸೆಯ ಕಡೆ ತಿರುಗಿದಳು. "ಇಬ್ಬರೂ ಜೊತೆಗಿರೋ ಫೋಟೋ?"

"ಇಲ್ಲ."

"ಒಂದೂ ಇಲ್ವಾ? ಎಲ್ಲಾದ್ರೂ ಸುತ್ತಾಡೋಕೆ ಹೋಗಿದ್ದು, ನಾಲ್ಕು ಜನರ ಜೊತೆ ಕೂತು ಊಟ ಮಾಡಿದ್ದು?"

"ಇಲ್ಲ."

"ಹೋಗಲಿ, ಮೆಸೇಜುಗಳು?"

"ದಿನಾ ಅಳಿಸಿಬಿಡ್ತಿದ್ದೆ. ಅವರೂ ಅಳಿಸಿಬಿಡ್ತಿದ್ರು, ನಾನೇ ಹೇಳಿದ್ದೆ." ಸೊಸೆಯ ದನಿ ನೆಲಕ್ಕಿಳಿಯಿತು. "ಅತ್ತೆಗೆ ಗೊತ್ತಾಗಬಾರ್ದು ಅಂತ."

ಲಾಯರಮ್ಮ ಪೆನ್ನು ಕೆಳಗಿಟ್ಟಳು. "ಚೆನ್ನಾಗಾಯ್ತು. ಅತ್ತೆಯಿಂದ ಬಚ್ಚಿಟ್ಟಿದ್ದು ಈಗ ಸರ್ಕಾರಕ್ಕೂ ಕಾಣ್ತಿಲ್ಲ."

"ನನಗೆ ಕಂಡಿತ್ತು" ಎಂದಳು ಯಜಮಾನಿ.

"ಏನು ಕಂಡಿತ್ತಮ್ಮಾ?"

"ಎಲ್ಲಾ."

ಕಚೇರಿಯಿಂದ ಇಳಿದು ಬರುವಾಗ ಸೊಸೆ ಮೆಟ್ಟಿಲ ಮೇಲೇ ನಿಂತುಬಿಟ್ಟಳು. "ನಾನು ಹೋಗಲ್ಲ ಅತ್ತೆ. ನಿಮ್ಮನ್ನ ಬಿಟ್ಟು ಹೆಂಗೆ ಹೋಗ್ಲಿ?"

"ನಾನೇನು ಮಳೇಲಿ ಬಿಟ್ಟ ಹತ್ತಿ ಮೂಟೆನಾ, ನೆನೆದು ಹಾಳಾಗೋಕೆ?"

"ತಮಾಷೆ ಮಾಡಬೇಡಿ."

"ತಮಾಷೆ ಅಲ್ಲ ಕಣೇ." ಯಜಮಾನಿ ಒಂದು ಮೆಟ್ಟಿಲು ಕೆಳಗೆ ನಿಂತು ಅವಳ ಮುಖ ನೋಡಿದಳು. "ನನ್ನ ಮಗ ಹೋದ. ಅವನ ಹಿಂದೆ ನಿನ್ನ ವಯಸ್ಸೂ ಹೋಯ್ತು. ಅದನ್ನ ನಾನು ಕಣ್ಣಾರೆ ನೋಡಿದೀನಿ. ಇನ್ನು ಉಳಿದಿರೋದನ್ನೂ ನನಗೋಸ್ಕರ ಸವೆಸ್ತೀನಿ ಅಂದ್ರೆ, ಆ ಭಾರ ನನ್ನಿಂದ ಹೊರೋಕಾಗಲ್ಲ."

ಹಲವು ದಿನ ಸೊಸೆ ಮೊಂಡು ಹಿಡಿದಳು. ಯಜಮಾನಿ ಮಾತು ಬಿಟ್ಟಳು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಸೊಸೆಯೇ ಸೋತಳು: "ಅರ್ಜಿ ಹಾಕ್ತೀನಿ. ಮಾತಾಡಿ."

"ನೀರು ಕೊಡು" ಎಂದಳು ಯಜಮಾನಿ. ಅದೇ ಅವಳ ರಾಜಿ.

ಅತ್ತೆಯ ಹೇಳಿಕೆಯೂ ಬೇಕೆಂದು ಕ್ರೇನಿನವನ ದೇಶದ ದೂತಾವಾಸದಿಂದ ಕರೆ ಬಂತು. ಸೊಸೆಯನ್ನು ಒಂದು ಕೋಣೆಗೆ, ಯಜಮಾನಿಯನ್ನು ಇನ್ನೊಂದು ಕೋಣೆಗೆ ಕರೆದರು. ಬಿಳಿ ಗೋಡೆ, ಮೇಜು, ನೀರಿನ ಲೋಟ. ಎದುರಿಗೆ ನರೆಗೂದಲಿನ ಅಧಿಕಾರಿಣಿ, ಪಕ್ಕದಲ್ಲಿ ಟೈ ಸಡಿಲ ಮಾಡಿಕೊಂಡ ನಡುವಯಸ್ಸಿನ ದುಭಾಷಿ. ಅಧಿಕಾರಿಣಿ ಕೇಳಿದ್ದನ್ನು ಅವನು ಹೇಳುತ್ತಿದ್ದ.

"ಇವರಿಬ್ಬರ ಸಂಬಂಧ ನಿಮಗೆ ಹೇಗೆ ಗೊತ್ತು ಅಂತ ಕೇಳ್ತಿದ್ದಾರೆ."

ಯಜಮಾನಿ ಮಂಡಿಯ ಮೇಲೆ ಕೈಯಿಟ್ಟುಕೊಂಡಳು. "ಮೋಟಾರಿಗೆ ಹೊದಿಕೆ ಬೇಕು ಅಂತ ಬಂದ. ಅವನೇ ಅಳತೆ ಕೊಟ್ಟ. ಹೊಲಿದ್ವಿ. ದೊಡ್ಡದಾಯ್ತು ಅಂತ ವಾಪಸ್ ತಂದ. ಇನ್ನೊಂದು ಅಳತೆ ಕೊಟ್ಟ, ಚಿಕ್ಕದಾಯ್ತು ಅಂತ ತಂದ. ಆಕಾಶದೆತ್ತರದ ಕ್ರೇನನ್ನ ಒಂದು ಕೂದಲೆಳೆ ತಪ್ಪದ ಹಾಗೆ ಜೋಡಿಸೋನಿಗೆ ಟೇಪು ಹಿಡಿಯೋಕೆ ಬರಲ್ವಾ? ಆವತ್ತೇ ಅಂದ್ಕೊಂಡೆ, ಇವನ ಅಳತೆ ಬೇರೆ ಕಡೆ ಇದೆ ಅಂತ."

ದುಭಾಷಿ ನಗು ತಡೆದುಕೊಂಡು ಹೇಳಿದ. ಅಧಿಕಾರಿಣಿ ನಗಲಿಲ್ಲ, ಆದರೆ ಬರೆಯುವುದನ್ನು ನಿಲ್ಲಿಸಿದಳು.

"ನನ್ನ ಸೊಸೆ ಅಷ್ಟು ವರ್ಷ ಗೋಡೆ ಕಡೆ ಮುಖ ಮಾಡಿ ಹೊಲಿಯೋಳು. ಇವನು ಬರೋಕೆ ಶುರುವಾದ ಮೇಲೆ, ಬೆಳಕು ಸಾಲದು ಅಂತ ಮೆಷಿನ್ ತಿರುಗಿಸಿ ಬಾಗಿಲಿಗೆ ಎದುರು ಇಟ್ಕೊಂಡಳು. ಇರಲಿ ಅಂದೆ. ಆಮೇಲೆ ನನಗೆ ಹೊಟ್ಟೆಯ ಆಪರೇಷನ್ ಆಯ್ತು. ಆಸ್ಪತ್ರೆಯಲ್ಲಿ ಮಂಚದ ಸುತ್ತ ಪರದೆ. ನೋಡ್ತೀನಿ, ಪರದೆ ಕೆಳಗೆ ಗ್ರೀಸ್ ಮೆತ್ತಿದ ದೊಡ್ಡ ಬೂಟು. ಕೆಲಸ ಮುಗಿಸಿ ನೆಟ್ಟಗೆ ಬಂದು ಅಲ್ಲಿ ನಿಂತ್ಕೊಳ್ಳೋದು, ಒಳಗೆ ಬರೋಕೆ ಧೈರ್ಯ ಇಲ್ಲ. ಇವಳು ಆಚೆ ಹೋದ್ರೆ ಎಲ್ಲಿಗೆ ಅಂತ ನಾನು ಕೇಳ್ತೀನೋ ಅಂತ ಇವಳಿಗೆ ಭಯ. ಇವಳೂ ಊಟ ಇಲ್ಲ, ನಿದ್ದೆ ಇಲ್ಲ, ನನ್ನ ಪಕ್ಕದಲ್ಲಿ ಕಡ್ಡಿ ಹಾಗಾಗಿದ್ದಳು. ನೋಡೋಕಾಗಲಿಲ್ಲ. ನಿದ್ದೆ ಬಂದೋಳ ಹಾಗೆ ಕಣ್ಣು ಮುಚ್ಚಿ ಗೊರಕೆ ಹೊಡೆದೆ."

ದುಭಾಷಿ ಚುಟುಕಾಗಿ ಏನೋ ಹೇಳಿ ಮುಗಿಸಿದ.

"ಗೊರಕೆ ಹೊಡೆದೆ ಅಂತಲೂ ಹೇಳಪ್ಪ, ನುಂಗಬೇಡ. ಹೊಲಿಗೆ ಬಿಚ್ಚೋ ಹಾಗೆ ನೋಯ್ತಿತ್ತು, ಆದ್ರೂ ಹೊಡೆದೆ. ಆಗ ಅವನು ಒಳಗೆ ಬಂದ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಅವನು ತಂದಿದ್ದನ್ನ ಇವಳು ತಿಂದಳು, ಅಷ್ಟೇ. ನನ್ನ ಮಗ ಹೋದ ಮೇಲೆ ಯಾರಾದ್ರೂ ಕೂರಿಸಿ ಇವಳಿಗೆ ತಿನ್ನಿಸಿದ್ದು ಅದೇ ಮೊದಲು. ನನಗೂ ಅದು ಹೊಳೆದಿರಲಿಲ್ಲ ನೋಡಿ, ಇವಳಿಗೂ ಹಸಿವಾಗುತ್ತೆ ಅಂತ."

ಅಧಿಕಾರಿಣಿ ನಿಧಾನವಾಗಿ ಇನ್ನೊಂದು ಪ್ರಶ್ನೆ ಕೇಳಿದಳು. "ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ?" ಎಂದ ದುಭಾಷಿ.

ಇದಕ್ಕೆ ಯಜಮಾನಿ ಸಿದ್ಧಳಾಗಿ ಬಂದಿರಲಿಲ್ಲ. ಲೋಟದ ನೀರು ಕುಡಿದಳು.

"ಗೊತ್ತು ಅಂದ್ರೆ ಮುಂದೆ ಏನಾದ್ರೂ ಹೇಳಬೇಕಲ್ಲ. ಹೋಗು ಅನ್ನಬೇಕು, ಇಲ್ಲ ಇರು ಅನ್ನಬೇಕು. ಎರಡೂ ನನ್ನ ಬಾಯಲ್ಲಿ ಬರಲಿಲ್ಲ. ಅವನು ಊರಿಗೆ ಹೊರಟ ದಿನ ಇವಳು ಬೆಳಗ್ಗಿಂದ ಸಂಜೆ ತನಕ ಹೊಲಿದಳು. ಸೂಜಿಗೆ ದಾರವೇ ಇರಲಿಲ್ಲ. ಬಟ್ಟೆ ತುಂಬ ಬರೀ ತೂತು. ಆಗಲೂ ನಾನು ಮಾತಾಡಲಿಲ್ಲ. ಇವಳು ಮೇಲೆ ಹೋದ ಮೇಲೆ ಆ ತೂತುಗಳ ಮೇಲೇ ದಾರ ಹಾಕಿ ಹೊಲಿದಿಟ್ಟೆ."

ದುಭಾಷಿ ಇದನ್ನು ಹೇಳಿ ಮುಗಿಸಲು ಹೊತ್ತು ತೆಗೆದುಕೊಂಡ. ಅಧಿಕಾರಿಣಿ ಕನ್ನಡಕ ತೆಗೆದಳು.

"ವೀಸಾ ಸಿಕ್ಕಿದ್ರೆ ಅವರು ಹೋಗಿಬಿಡ್ತಾರೆ. ನಿಮಗೆ ಬೇರೆ ಯಾರೂ ಇಲ್ಲ. ಅದು ನಿಮಗೆ ಗೊತ್ತಲ್ವಾ ಅಂತ ಕೇಳ್ತಿದ್ದಾರೆ."

"ಗೊತ್ತು. ಅದಕ್ಕೇ ಹೇಳ್ತಿರೋದು, ನನ್ನ ಮಾತು ನಂಬಿ ಅಂತ. ಸುಳ್ಳು ಹೇಳೋದೇ ಆಗಿದ್ರೆ, ಇವರಿಬ್ಬರ ಮಧ್ಯೆ ಏನೂ ಇಲ್ಲ ಅಂತ ಹೇಳ್ತಿದ್ದೆ."

ಹೊರಗೆ ಬೆಂಚಿನ ಮೇಲೆ ಸೊಸೆ ಕಾಯುತ್ತಿದ್ದಳು. ಏನು ಕೇಳಿದರು, ಏನು ಹೇಳಿದಿರಿ ಎಂದು ಬಸ್ಸಿನಲ್ಲಿ ಪೀಡಿಸಿದಳು. "ಇದ್ದಿದ್ದನ್ನ ಹೇಳಿದೆ" ಎಂದಷ್ಟೇ ಅಂದು ಯಜಮಾನಿ ಕಿಟಕಿಯಾಚೆ ನೋಡುತ್ತ ಕೂತಳು. ಸುಸ್ತಾಗಿತ್ತು. ಚೆನ್ನಾಗಿ ಮಾತಾಡಿದೆನೆಂಬ ಸಮಾಧಾನದ ಬೆನ್ನಿಗೇ, ಇಷ್ಟು ಚೆನ್ನಾಗಿ ಮಾತಾಡಬಾರದಿತ್ತು ಎಂಬ ಯೋಚನೆಯೂ ಬಂತು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ವೀಸಾ ಬಂತು. ಹೊರಡುವ ದಿನ ಸೊಸೆ ಅಂಗಡಿಯ ಬಾಗಿಲಲ್ಲಿ ಯಜಮಾನಿಯನ್ನು ಅಪ್ಪಿಕೊಂಡು ಬಿಡಲೊಲ್ಲಳು. ಹೊರಗೆ ಕಾರಿನವನು ಹಾರ್ನ್ ಹೊಡೆದ. "ತಪ್ಪು ತಿಳ್ಕೋಬೇಡಿ ಅತ್ತೆ" ಎಂದಳು.

"ತಪ್ಪು ಸರಿ ಆಮೇಲೆ ನೋಡೋಣ. ಅಲ್ಲಿ ಚಳಿ ಅಂತೆ, ಕಿವಿಗೆ ಬಟ್ಟೆ ಕಟ್ಕೋ." ಯಜಮಾನಿಯ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಕಾರಿನವನನ್ನು ಗದರಿದಳು. ಕಾರು ತಿರುವು ದಾಟಿದ ಮೇಲೆ ಒಳಗೆ ಬಂದು, ಸೊಸೆಯ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಮಗ ಹೋದಾಗ ಜನರ ಮುಂದೆ ಗಟ್ಟಿಯಾಗಿದ್ದವಳು ಆವತ್ತು ಕೆಲಸದವರ ಎದುರಿಗೇ ಅತ್ತಳು. ಅವರು ಸದ್ದಿಲ್ಲದೆ ಎದ್ದು ಹೊರಗೆ ಹೋಗಿ ನಿಂತರು.

ಮದುವೆ ಅಲ್ಲಿಯ ನೋಂದಣಿ ಕಚೇರಿಯಲ್ಲಿ. ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಯಜಮಾನಿ ಮೆಷಿನ್ನುಗಳನ್ನು ನಿಲ್ಲಿಸಿ, ಫೋನನ್ನು ದಾರದ ಉಂಡೆಗೆ ಒರಗಿಸಿಟ್ಟು ಕೂತಳು. ಹಿಂದೆ ಕೆಲಸದವರು ಸಾಲಾಗಿ ನಿಂತರು. ಪರದೆಯ ಮೇಲೆ ಸೊಸೆ ಕಡುನೀಲಿ ಕೋಟು ತೊಟ್ಟಿದ್ದಳು. ಮುಖ ತುಂಬಿಕೊಂಡಿತ್ತು. ಪಕ್ಕದಲ್ಲಿ ಕ್ರೇನಿನವನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಸಹಿ ಹಾಕುವ ಮುನ್ನ ಅವನು ಫೋನಿನ ಕಡೆ ಬಗ್ಗಿ, ಕಷ್ಟಪಟ್ಟು ಕಲಿತ ಮಾತಿನಲ್ಲಿ, "ಅತ್ತೆ, ಹಾಕಲಾ?" ಎಂದು ಕೇಳಿದ.

ಅವನು ತನ್ನನ್ನು ನೇರವಾಗಿ ಕರೆದದ್ದು ಅದೇ ಮೊದಲು. ಯಜಮಾನಿ ಫೋನಿನ ಹತ್ತಿರಕ್ಕೆ ಬಗ್ಗಿದಳು.

"ಹಾಕಪ್ಪ, ಕಾಯಿಸಬೇಡ" ಎಂದಳು.

ಅವನು ಸಹಿ ಹಾಕಿದ. ಸೊಸೆ ಹಾಕಿದಳು. ಇಲ್ಲಿ ಕೆಲಸದವರು ಚಪ್ಪಾಳೆ ತಟ್ಟಿದರು, ಅಲ್ಲಿ ಯಾರೋ ನಕ್ಕರು. ಕರೆ ಮುಗಿಯಿತು. ಬಾಗಿಲಲ್ಲಿ ಲಾರಿಯವನೊಬ್ಬ ಹರಿದ ಟಾರ್ಪಾಲನ್ನು ಹೆಗಲ ಮೇಲೆ ಹೊತ್ತು ಬಂದು, "ಯಜಮಾನೀ, ನಾಳೆ ಲೋಡ್ ಇದೆ, ಇವತ್ತೇ ಆಗುತ್ತಾ?" ಎಂದ. ಅವಳು ಮುಖ ಒರೆಸಿಕೊಂಡು ಎದ್ದಳು. "ಬಿಚ್ಚಿ ಹಾಕು, ಎಲ್ಲಿ ಹರಿದಿದೆ ನೋಡೋಣ" ಎಂದಳು.