ಅಪ್ಪನ ಮೂರು ಬುರುಡೆ

ಚಿಕ್ಕಸೊಸೆಗೆ ಆ ಮನೆಯಲ್ಲಿ ‘ಬುರುಡೆ’ ಎಂಬ ಹೆಸರು ಬಿದ್ದದ್ದು ಅವಳ ಮದುವೆಯ ದಿನವೇ. ತಪ್ಪು ಅವಳದಲ್ಲ, ಅವಳಪ್ಪನದು. ಬೀಗರೆಲ್ಲ ಕೂತಿದ್ದಾಗ ಆ ಮನುಷ್ಯ ತನ್ನ ಹುಟ್ಟೂರಿನ ಸುದ್ದಿ ತೆಗೆದ. “ನಮ್ಮೂರಲ್ಲಿ ಹೊಳೆ ಹಿಂದಕ್ಕೆ ಹರಿಯುತ್ತೆ” ಎಂದ. “ನಾವು ಹಗ್ಗದಲ್ಲಿ ಕಲ್ಲು ಕೊರೆದೋರು” ಎಂದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. “ಇವಳ ತಾಯಿ ಮನೆ ಆಚೆ ದಡದಲ್ಲಿತ್ತು. ಮದುವೆಗೆ ಮುಂಚೆ ದಿನಾ ಸಂಜೆ ಹೊಳೆ ಈಜ್ಕೊಂಡು ಹೋಗಿ ನೋಡ್ಕೊಂಡು ಬರ್ತಿದ್ದೆ” ಎಂದೂ ಸೇರಿಸಿದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗೂ ನೀರು ಕೊಡುತ್ತಿದ್ದ ದೊಡ್ಡಸೊಸೆಯಂತೂ ನಗುವ ಭರದಲ್ಲಿ ಅರ್ಧ ತಂಬಿಗೆ ನೀರನ್ನು ಮಾವನ ಮಡಿಲಿಗೇ ಸುರಿದಳು.

“ಇನ್ಮೇಲೆ ಇವಳ ಹೆಸರು ಬುರುಡೆ” ಎಂದದ್ದೂ ಅವಳೇ.

ಹೆಸರು ಇಡುವುದು ಸುಲಭ, ಕೀಳುವುದು ಕಷ್ಟ. ಹಾಲು ಉಕ್ಕಿತು ಎಂದರೆ “ನಿಜವೋ ಬುರುಡೆಯೋ?”, ಮೈ ಬಿಸಿಯಾಗಿದೆ ಎಂದರೆ “ನಿಜವೋ ಬುರುಡೆಯೋ?” ಚಿಕ್ಕಸೊಸೆಯೂ ಜೊತೆಗೆ ನಗುತ್ತಿದ್ದಳು, ನಗದಿದ್ದರೆ ಅದಕ್ಕೂ ನಗುವವರು ಅವರು. ಆದರೆ ಅಪ್ಪ ಮಗಳನ್ನು ನೋಡಲು ಬಂದು, ಕಾಲು ನೀಡಿ ಕೂತು, “ನಮ್ಮೂರಲ್ಲಿ...” ಎಂದು ಬಾಯಿ ತೆರೆದೊಡನೆ ಅವಳಿಗೆ ಒಳಗೆಲ್ಲೋ ಕೆಲಸ ನೆನಪಾಗುತ್ತಿತ್ತು. ಎದ್ದು ಹೋಗುತ್ತಿದ್ದಳು. ಅಪ್ಪ ಕತೆ ನಿಲ್ಲಿಸಿ ಅವಳ ಬೆನ್ನು ನೋಡುತ್ತಿದ್ದ. ಅವನು ತೀರಿಕೊಂಡ ಮೇಲೂ ತನ್ನ ಮಕ್ಕಳಿಗೆ ಆ ಕತೆಗಳನ್ನು ಅವಳು ಹೇಳಲಿಲ್ಲ. ಅಪ್ಪ ಸುಳ್ಳುಗಾರನೇ, ಅಲ್ಲವೇ? ಕಾಲಲ್ಲಿ ಮುರಿದು ಉಳಿದ ಮುಳ್ಳಿನ ಹಾಗೆ ಆ ಪ್ರಶ್ನೆ ಇದ್ದೇ ಇತ್ತು. ನಡೆಯುವುದಕ್ಕೇನೂ ಅಡ್ಡಿಯಿಲ್ಲ, ಒತ್ತಿದರೆ ನೋವು.

ಮನೆಯವರದು ಹಾಸಿಗೆ ಹೊಲಿಯುವ ಅಂಗಡಿ. ಗಂಡಂದಿರು ಹತ್ತಿ ಹಿಂಜಿದರು, ಓರಗಿತ್ತಿಯರು ಹೊಲಿದರು. ಗಂಡಂದಿರು ಹೋದರು, ಹೊಲಿಗೆ ಉಳಿಯಿತು. ಅತ್ತೆ ಕಣ್ಣು ಮುಚ್ಚಿ ಯಾವ ಕಾಲವಾಯಿತೋ, ತಲೆಯೆಲ್ಲ ಹತ್ತಿಯಾದ ಮೇಲೂ ಇವರು ಬೀದಿಗೆಲ್ಲ ದೊಡ್ಡಸೊಸೆ, ಚಿಕ್ಕಸೊಸೆಯರೇ.

ಹೀಗಿರುವಾಗ ಒಂದು ವಸತಿಗೃಹದಿಂದ ಹಾಸಿಗೆ ಬೇಕೆಂದು ಹೇಳಿಕಳಿಸಿದರು. ಊರಿನ ಹೆಸರು ಕೇಳಿ ಚಿಕ್ಕಸೊಸೆಯ ಕೈಯ ಸೂಜಿ ನಿಂತಿತು.

“ಅಕ್ಕಾ, ಅದು ಅಪ್ಪನ ಊರು.”

“ಇದೆಯೇನೇ ಅಂಥ ಊರು? ನಾನು ಅದೂ ಬುರುಡೆ ಅಂದ್ಕೊಂಡಿದ್ದೆ!” ದೊಡ್ಡಸೊಸೆ ಕನ್ನಡಕ ಹಣೆಗೇರಿಸಿದಳು. “ನಡಿ, ಹಾಸಿಗೆ ಗಾಡೀಲೇ ಹೋಗಿ ನೋಡ್ಕೊಂಡು ಬರೋಣ. ನಿಮ್ಮಪ್ಪನ ಮೂರೂ ಮಾತು ನಿಜ ಆದ್ರೆ ಆ ಹೆಸರು ಬಿಟ್ಬಿಡ್ತೀನಿ.”

“ಒಂದು ಸುಳ್ಳಾದ್ರೆ?”

“ಹೆಸರು ಗಟ್ಟಿ. ಹೊತ್ಕೊಂಡು ಹೋಗೋ ತನಕ.”

ದೊಡ್ಡಸೊಸೆಗೆ ಅದು ತಮಾಷೆ. ಚಿಕ್ಕಸೊಸೆಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಾಸಿಗೆ ಹೊಲಿದು ಮುಗಿಸಿ ಹೊರಟ ದಿನ ಮಧ್ಯಾಹ್ನ ಊರಿನ ಬಾಗಿಲಲ್ಲೇ ಗಾಡಿ ನಿಂತಿತು. ಒಳಗಿನ ಬೀದಿ ಗಾಡಿ ಹಿಡಿಸುವಂಥದ್ದಲ್ಲ. ಹಾಸಿಗೆಗಳನ್ನು ಕೈಗಾಡಿಗೆ ಹೇರಿಸಿ ಇಬ್ಬರೂ ಹಿಂದೆ ನಡೆದರು. ಹಾಸಿದ ಕಲ್ಲುಗಳು ಕಾಲು ತಾಗಿ ತಾಗಿ ನಡುವೆ ತಗ್ಗಾಗಿ, ಬಳಸಿದ ಸೋಪಿನ ಬಿಲ್ಲೆಯಂತೆ ನುಣುಪಾಗಿದ್ದವು. ಎರಡೂ ಕಡೆ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಗೋಡೆಗಳಲ್ಲಿ, ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಂದೊಂದು ಕಬ್ಬಿಣದ ಬಳೆ.

“ಅಷ್ಟು ಮೇಲೆ ಯಾರು ದನ ಕಟ್ತಾರೆ?” ಎಂದಳು ದೊಡ್ಡಸೊಸೆ.

“ದನಕ್ಕಲ್ಲಮ್ಮ, ದೋಣಿಗೆ.” ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ವಸತಿಗೃಹದ ಯಜಮಾನಿ ಹೇಳಿದಳು. “ಹೊಳೆ ಉಕ್ಕಿದ್ರೆ ಬೀದೀಲೆಲ್ಲ ದೋಣಿ. ಮಹಡಿ ಕಿಟಕಿಯಿಂದ ಇಳಿಯೋದು, ಹತ್ತೋದು.”

ಚಿಕ್ಕಸೊಸೆ ತಲೆಯೆತ್ತಿ ಆ ಬಳೆಯನ್ನು ನೋಡಿದಳು. ತಾನು ನಿಂತ ಜಾಗದ ಮೇಲೆ, ತನ್ನ ನೆತ್ತಿಯ ಮೇಲೆ, ಒಮ್ಮೆ ಹೊಳೆ ಹರಿದಿತ್ತು. ಇದನ್ನು ಅಪ್ಪ ಹೇಳಿರಲೇ ಇಲ್ಲ. ಹೇಳಲು ಬಿಟ್ಟವರಾದರೂ ಯಾರು?

ಹಾಸಿಗೆ ಹಾಸಿ, ಕೈಕಾಲು ತೊಳೆದು, ಸಂಜೆ ಮನೆಯ ಹಿಂದಿನ ಮೆಟ್ಟಿಲ ಮೇಲೆ ಹೊಳೆಗೆ ಮುಖ ಮಾಡಿ ಕೂತರು. ಅಗಲವಾದ ಹೊಳೆ, ಎಡಕ್ಕೆ ಸಾವಕಾಶವಾಗಿ ಹರಿಯುತ್ತಿತ್ತು. ದೊಡ್ಡಸೊಸೆ ಕಿತ್ತಳೆ ಸುಲಿದು ಸಿಪ್ಪೆಯನ್ನು ಇಡಿಯಾಗಿ ನೀರಿಗೆಸೆದಳು. ಅದು ಕೆಂಪು ದೋಣಿಯ ಹಾಗೆ ಎಡಕ್ಕೆ ತೇಲಿಹೋಯಿತು.

“ನೋಡೇ ಬುರುಡೆ, ಎಲ್ಲಾ ಹೊಳೆ ಹಾಗೇ ಮುಂದಕ್ಕೇ ಹೋಗ್ತಿದೆ. ಒಂದು ಸೋತೆ.”

ಚಿಕ್ಕಸೊಸೆ ಸಿಪ್ಪೆಯ ಮೇಲೇ ಕಣ್ಣಿಟ್ಟಿದ್ದಳು. ಅದು ದೂರದ ಕಂಬದ ಹತ್ತಿರ ಹೋಗಿ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟಿತು. ಏನಕ್ಕೂ ಸಿಕ್ಕಿಕೊಂಡಿರಲಿಲ್ಲ, ಸುತ್ತಲಿನ ನೀರೇ ನಿಂತಿತ್ತು. ಅಷ್ಟು ದೊಡ್ಡ ಹೊಳೆ, ಕರೆದರೆ ತಿರುಗಿ ನೋಡುವವರ ಹಾಗೆ, ಉಸಿರು ಬಿಗಿ ಹಿಡಿದು ನಿಂತುಬಿಟ್ಟಿತ್ತು. ಎಲ್ಲೂ ಸದ್ದಿಲ್ಲ. ಮೆಟ್ಟಿಲಿಗೆ ಬಡಿಯುತ್ತಿದ್ದ ಸಣ್ಣ ಅಲೆಯೂ ಸುಮ್ಮನಾಯಿತು. ಆಚೆ ದಡದ ಮನೆಗಳ ದೀಪಗಳು ನೀರಿನಲ್ಲಿ ನೆಟ್ಟಗೆ ಇಳಿದು ನಿಂತವು.

ಆಮೇಲೆ ಸಿಪ್ಪೆ ಬಲಕ್ಕೆ ಹೊರಳಿತು.

ಮೊದಲು ಅಂಬೆಗಾಲಿಡುವ ಮಗುವಿನಂತೆ, ಆಮೇಲೆ ನಡೆಯುವವರಂತೆ, ವಾಪಸು ಬಂತು. ದೊಡ್ಡಸೊಸೆಯ ಬಾಯಲ್ಲಿಟ್ಟ ತೊಳೆ ಬಾಯಲ್ಲೇ ಉಳಿಯಿತು. ಸಿಪ್ಪೆ ಇಬ್ಬರ ಕಾಲಡಿಯಲ್ಲೇ ಹಾದು, ಮೇಲಕ್ಕೆ, ಹೊಳೆ ಬಂದ ದಿಕ್ಕಿಗೇ ಹೋಯಿತು.

“ನಾನೆಸೆದ ಸಿಪ್ಪೆ ಕಣೇ ಅದು!” ಎಂದಳು, ಯಾರೋ ಕದ್ದುಕೊಂಡು ಹೋಗುತ್ತಿರುವ ಹಾಗೆ.

“ಸಮುದ್ರ ಉಬ್ಬಿತಲ್ಲಮ್ಮ” ಎಂದಳು ಹಿಂದಿನಿಂದ ಯಜಮಾನಿ. “ಅಷ್ಟು ದೂರದಿಂದ ನೀರನ್ನ ಇಲ್ಲೀತನಕ ದಬ್ಬುತ್ತೆ. ಇಳಿದ್ರೆ ಮತ್ತೆ ಎಡಕ್ಕೆ. ದಿನಾ ಇದೇ ಅದರ ಕೆಲಸ.”

ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು. ಚಿಕ್ಕಸೊಸೆಯ ಕಣ್ಣು ತುಂಬಿತ್ತು. ದೊಡ್ಡಸೊಸೆ ಅದನ್ನು ಕಂಡೂ ಕಾಣದವಳಂತೆ ಮತ್ತೊಂದು ಕಿತ್ತಳೆ ಸುಲಿದು ಅವಳ ಕೈಗಿಟ್ಟಳು.

ಬೆಳಿಗ್ಗೆ ಯಜಮಾನಿ ಹಾಲಿಗೆಂದು ಹೊರಟಿದ್ದಳು. “ರಾತ್ರಿ ಹಗ್ಗದ ಸುದ್ದಿ ಕೇಳಿದ್ರಲ್ಲ, ಹಗ್ಗದ ಹಾದಿ ತೋರಿಸ್ತೀನಿ ಬನ್ನಿ, ಜೊತೇಲೇ ಹೋಗೋಣ” ಎಂದಳು. ಹೊಳೆಯ ಅಂಚಿಗೆ ಅಂಟಿಕೊಂಡ ಕಾಲುದಾರಿ ಅದು. ಗಾಳಿಯಿಲ್ಲದ, ಉಬ್ಬರವಿಲ್ಲದ ಹೊತ್ತಿನಲ್ಲಿ ಸರಕಿನ ದೋಣಿಗಳಿಗೆ ಹಗ್ಗ ಕಟ್ಟಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಗಂಡಸರು ಈ ಹಾದಿಯಲ್ಲಿ ಎಳೆದುಕೊಂಡು ನಡೆಯುತ್ತಿದ್ದರಂತೆ. ಹಾದಿ ಒಂದು ತಿರುವು ತಿರುಗಿತು. ಎದುರಿಗೆ ಕಲ್ಲಿನ ಸೇತುವೆ, ಕಮಾನಿನ ಪಕ್ಕ ಕಮಾನು. ಹಾದಿ ಮೊದಲ ಕಮಾನಿನ ಕೆಳಗೇ ನುಗ್ಗಿಹೋಗಿತ್ತು.

“ಇಲ್ಲಿ ಕೈಯಿಟ್ಟು ನೋಡಿ” ಎಂದಳು ಯಜಮಾನಿ.

ಕಮಾನಿನ ಮೂಲೆಗಲ್ಲಿನ ಉದ್ದಕ್ಕೂ ಗೀರುಗಳು. ಗೀರುಗಳೇ? ಅಲ್ಲ, ಕಾಲುವೆಗಳು. ಬಾಚಣಿಗೆಯ ಹಲ್ಲಿನ ಹಾಗೆ ಒಂದರ ಮೇಲೊಂದು, ಮೊಣಕಾಲಿನಿಂದ ಹೆಗಲೆತ್ತರದವರೆಗೆ. ಚಿಕ್ಕಸೊಸೆ ಒಂದರಲ್ಲಿ ಬೆರಳಿಟ್ಟಳು. ಬೆರಳು ಪೂರ್ತಿ ಒಳಗೆ ಹೋಯಿತು. ಕೈಯನ್ನು ಅಡ್ಡಲಾಗಿ ಇಟ್ಟಳು. ಅಂಗೈಯೂ ಮುಳುಗಿತು. ಒಳಗೆ ತಣ್ಣಗೆ, ಗಾಜಿನ ಹಾಗೆ ನುಣುಪು.

“ಯಾವ ಉಳಿ ಇದು?” ದೊಡ್ಡಸೊಸೆಯ ದನಿ ಇಳಿದಿತ್ತು.

“ಉಳಿ ಅಲ್ಲ, ಹಗ್ಗ. ಒದ್ದೆ ಹಗ್ಗಕ್ಕೆ ಮರಳು ಅಂಟಿರುತ್ತಲ್ಲ, ಈ ಮೂಲೆಗೆ ಉಜ್ಜಿ ಉಜ್ಜಿ ಹೀಗಾಯ್ತು. ಸೇತುವೆ ಕಟ್ಟಿದ್ದು ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲದಲ್ಲಿ. ಅಲ್ಲಿಂದ ಎಳೀತಾನೇ ಇದ್ರು.”

ದೊಡ್ಡಸೊಸೆ ಕಲ್ಲನ್ನು ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, “ನಮ್ಮ ಮೇಜಿನ ಅಂಚು ಕಣೇ” ಎಂದಳು.

“ಯಾವ ಮೇಜು?”

“ಅಂಗಡಿ ಮೇಜು. ನಾವು ಮೇಣದ ದಾರ ಎಳೆಯೋ ಕಡೆ. ದಾರ ಸಿಕ್ಕಿಕೊಳ್ಳುತ್ತೆ ಅಂತ ಬಡಗಿ ಹತ್ರ ಆ ಅಂಚನ್ನ ಉಜ್ಜಿಸಿದ್ವಲ್ಲ. ಅಲ್ಲೂ ಹೀಗೇ ಸಾಲಾಗಿ ಕೊರೆದಿತ್ತು. ಇಲಿ ಕಡೀತು ಅಂತ ಬೈದೆ ನಾನು.” ತನ್ನ ತೋರುಬೆರಳ ಮೇಲಿದ್ದ, ದಾರ ಕೊರೆದ ಹಳೆಯ ಗೆರೆಯನ್ನು ಕಲ್ಲಿನ ಪಕ್ಕ ಹಿಡಿದಳು. “ಇಲಿಯಲ್ಲ. ನಾವೇ.”

ಇಬ್ಬರೂ ಕಲ್ಲಿಗೆ ಕೈಯಿಟ್ಟು ನಿಂತರು. ಇದರಲ್ಲಿ ಅಪ್ಪನ ಪಾಲು ಎಷ್ಟಿರಬಹುದು? ಒಂದು ಆಯುಸ್ಸಿನ ಎಳೆತಕ್ಕೆ ಒಂದು ಉಗುರಿನಷ್ಟು? ಅಷ್ಟೂ ಇರಲಾರದು. ಅವನಿಗಿಂತ ಮುಂಚೆ ಅವನಪ್ಪ, ಅವನಪ್ಪನ ಅಪ್ಪ, ಹೆಸರೇ ಉಳಿಯದ ಎಷ್ಟೋ ಹೆಗಲುಗಳು, ಒಂದರ ಗೆರೆಯಲ್ಲೇ ಇನ್ನೊಂದು. ಅಪ್ಪ “ನಾನು ಕೊರೆದೆ” ಎಂದಿರಲಿಲ್ಲ, “ನಾವು ಕೊರೆದೋರು” ಎಂದಿದ್ದ. ಆ ಒಂದು ಮಾತಿನ ತೂಕ ಅವಳಿಗೆ ಈಗ ತಿಳಿಯಿತು. ಕಮಾನಿನ ಕೆಳಗೆ ಉಸಿರಾಡಿದರೂ ಪ್ರತಿಧ್ವನಿ ಕೇಳುವಂತಿತ್ತು.

“ನಾನು ಹಾಲು ತಗೊಂಡು ಬಂದ್ಬಿಡ್ತೀನಿ” ಎಂದು ಯಜಮಾನಿ ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ನಡೆದಳು. ಕ್ಯಾನು ಬೀಸುತ್ತ, ಹಾಡು ಗುನುಗುತ್ತ, ನೋಡುನೋಡುತ್ತಿದ್ದಂತೆ ಆಚೆ ದಡ ಮುಟ್ಟಿದಳು. ಚಪ್ಪಲಿ ಕೂಡ ಒದ್ದೆಯಾಗಲಿಲ್ಲ.

ಅವಳ ಬೆನ್ನ ಹಿಂದೆಯೇ ಚಿಕ್ಕಸೊಸೆಯ ಕಣ್ಣೂ ಸೇತುವೆ ದಾಟಿತು. ತಾಯಿಯ ಮನೆ ಇದ್ದದ್ದು ಆ ದಡದಲ್ಲೇ.

ದೊಡ್ಡಸೊಸೆ ಇನ್ನೂ ಕಲ್ಲನ್ನೇ ಸವರುತ್ತಿದ್ದಳು. “ಸೋತೆ ಕಣೇ. ಹೊಳೆ ಹಿಂದಕ್ಕೆ ಹರೀತು, ಹಗ್ಗ ಕಲ್ಲು ಕೊರೀತು. ಇನ್ನು ಈಜಿದ್ದು ಯಾವ ದೊಡ್ಡ ಮಾತು? ಹೊಳೆ ಇದೆ, ಆಚೆ ದಡ ಇದೆ. ಒಪ್ಕೊಂಡೆ. ಇವತ್ತಿಂದ ಆ ಹೆಸರು ಬಿಟ್ಟೆ.”

ಮದುವೆಯಾದಾಗಿನಿಂದ ಕಾದ ಮಾತು ಅದು. ಚಿಕ್ಕಸೊಸೆ ಸುಮ್ಮನಿದ್ದರೆ ಸಾಕಿತ್ತು. ಆದರೆ ಆ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನಿರಲು ಅವಳಿಗೆ ಆಗಲಿಲ್ಲ.

“ಅಕ್ಕಾ... ಅಪ್ಪ ಈಜಿದ್ದು ಸುಳ್ಳು.”

“ಯಾಕೇ?”

“ಸೇತುವೆ ಇತ್ತಲ್ಲ.”

ದೊಡ್ಡಸೊಸೆ ತಲೆಯೆತ್ತಿ ಸೇತುವೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಂದು ಮಾತನ್ನು ಉಳಿಸಿದ ಸೇತುವೆಯೇ ಇನ್ನೊಂದನ್ನು ಮುಳುಗಿಸಿತ್ತು. ಈಗ ನಗುತ್ತಾಳೆ, ಊರಿಗೆಲ್ಲ ಹೇಳುತ್ತಾಳೆ ಎಂದು ಚಿಕ್ಕಸೊಸೆ ಕಾದಳು.

“ಇದ್ರೇನೇ?” ಎಂದಳು ದೊಡ್ಡಸೊಸೆ. “ಸೇತುವೆ ಮೇಲೆ ದಿನಾ ಸಂಜೆ ಹೆಣ್ಣಿನ ಮನೆಗೆ ಹೋದ್ರೆ ಊರು ಸುಮ್ನೆ ಬಿಡುತ್ತಾ? ಮಾನ ಇರೋರು ಈಜ್ಕೊಂಡೇ ಹೋಗೋದು.”

“ಒದ್ದೆ ಬಟ್ಟೇಲಾ?”

“ಬಟ್ಟೆ ಮೂಟೆ ಕಟ್ಟಿ ತಲೆ ಮೇಲೆ ಇಟ್ಕೊಂಡಿರ್ತಾರೆ. ನನ್ನ ಸಿಪ್ಪೆ ಹೋಗಿ ಬರ್ಲಿಲ್ವಾ? ಹಾಗೇ. ನೀರು ಆ ಕಡೆ ಹೋಗೋವಾಗ ಹೋಗೋದು, ತಿರುಗಿದಾಗ ಬರೋದು. ಕೈಯೂ ಆಡಿಸಬೇಕಾಗಿಲ್ಲ.”

“ಅಕ್ಕಾ, ಈಗ ಬುರುಡೆ ಬಿಡ್ತಿರೋದು ನೀನು.”

“ಬಿಟ್ರೆ ಬಿಟ್ಟೆ. ಖಾಲಿ ಇದೆಯಲ್ಲ ಆ ಹೆಸರು, ನಾನೇ ಇಟ್ಕೋತೀನಿ.”

ಅಷ್ಟರಲ್ಲಿ ಯಜಮಾನಿ ಹಾಲು ತುಂಬಿಸಿಕೊಂಡು ಇಳಿದು ಬಂದಳು. ದೊಡ್ಡಸೊಸೆ ಸೆರಗು ಸರಿಮಾಡಿಕೊಂಡು, ಉತ್ಸಾಹದಿಂದ ಅವಳ ಕೈ ಹಿಡಿದು ನಿಲ್ಲಿಸಿದಳು.

“ಕೇಳಮ್ಮ ಇಲ್ಲಿ. ಇವಳಪ್ಪ ಇದೇ ಊರಿನೋರು. ಹಗ್ಗ ಎಳೆದೋರು. ದಿನಾ ಸಂಜೆ ಇದೇ ಹೊಳೇನ ಈಜಿ, ತಲೆ ಮೇಲೆ ಬಟ್ಟೆ ಮೂಟೆ, ಹಲ್ಲಲ್ಲಿ ಒಂದು ಹೂ ಕಚ್ಕೊಂಡು...”

ಕತೆ ಶುರುವಾಯಿತೆಂದರೆ ಎದ್ದು ಒಳಗೆ ಹೋಗುವ ಚಿಕ್ಕಸೊಸೆ ಈ ಸಲ ಅಲ್ಲಾಡಲಿಲ್ಲ. ಅವಳ ಬೆರಳು ಇನ್ನೂ ಕಲ್ಲಿನ ಗೆರೆಯಲ್ಲೇ ಇತ್ತು.

“ಒಂದು ಹೂ ಅಲ್ಲ ಅಕ್ಕಾ” ಎಂದಳು. “ಎರಡು.”