ಬಾಯಿ ತೆರೆಯದ ಸಂಗೀತದ ಅಕ್ಕೋರು

ಗುತ್ತೆವ್ವನ ಸಂಗೀತವೆಲ್ಲ ಅವಳ ಬಲಗೈಯಲ್ಲಿತ್ತು. ಎಲ್ಲಿಯಾದರೂ ಹಾಡು ಕಿವಿಗೆ ಬಿತ್ತೆಂದರೆ ಸಾಕು, ಅದು ಬೀಸುವ ಕಲ್ಲಿನ ಪದವಿರಲಿ, ಭಜನೆಯಿರಲಿ, ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಸರಸರನೆ ಹತ್ತಿ ಇಳಿಯತೊಡಗುತ್ತಿತ್ತು. ಬೆರಳಿಗೆ ಮೂರರಂತೆ ಹನ್ನೆರಡು ಗೆಣ್ಣು, ಏಳು ಶುದ್ಧ, ನಾಲ್ಕು ಕೋಮಲ, ಒಂದು ತೀವ್ರ ಸೇರಿ ಹನ್ನೆರಡು ಸ್ವರ. ತುಟಿ ಮಾತ್ರ ಬಿಗಿದೇ ಇರುತ್ತಿತ್ತು. ಹಿರೇಕೆರೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಈ ಅಕ್ಕೋರು ಒಂದು ಸಾಲು ಹಾಡಿದ್ದನ್ನು ಊರಲ್ಲಿ ಒಬ್ಬರೂ ಕೇಳಿರಲಿಲ್ಲವೆಂದರೆ ನಂಬುವವರುಂಟೆ? ನಂಬಬೇಕು.

ಎತ್ತರದ ಆಳು, ಬಿರುಸು ನಡಿಗೆ, ಬಿಸಿಲಿರಲಿ ಬಿಡಲಿ ಬಗಲಲ್ಲಿ ಗಂಡಸರ ಕರಿ ಕೊಡೆ, ಮಾತಿಗೊಮ್ಮೆ ‘ಹೌದಿಲ್ಲೋ’ ಎಂದು ಎದುರಿಗಿದ್ದವರನ್ನು ಅವರಿಗೇ ತಿಳಿಯದಂತೆ ಒಪ್ಪಿಸಿಬಿಡುವ ಅಧಿಕಾರವಾಣಿ. ಸಂತೆಯಲ್ಲಿ ಹಿತ್ತಾಳೆಯ ಕೊಡ ಕೊಳ್ಳಹೋದರೆ ಒಂದೊಂದನ್ನೂ ಬೆರಳಿನಿಂದ ಬಾರಿಸಿ, ಕಿವಿಯೊಡ್ಡಿ, ತಲೆಯಲ್ಲಾಡಿಸಿ ಪಕ್ಕಕ್ಕಿಡುವಳು. ಬೇಸತ್ತ ವ್ಯಾಪಾರಿ ಹುಚ್ಚಪ್ಪ, “ಅಕ್ಕೋರ, ಕೊಡಾ ನೀರಿಗೆ ಬೇಕೋ, ಭಜನಿಗೆ ಬೇಕೋ?” ಎಂದು ಕೇಳಿದ್ದಕ್ಕೆ, “ಸೀಳಿದ ಕೊಡಾ ಸುಳ್ಳ ಸ್ವರಾ ನುಡೀತೈತೋ ತಮ್ಮಾ, ಹೌದಿಲ್ಲೋ?” ಎಂದು ಉತ್ತರ ಕೊಟ್ಟಳು. ಪಾಪ, ಅವನೂ ಹೌದೆಂದ.

ಅವಳು ದುಂಡಸಿಯ ರೈತ ಉಡಚಪ್ಪನ ಮಗಳು. ಉಡಚಪ್ಪನಿಗೊಬ್ಬ ತಂಗಿಯಿದ್ದಳು, ಹೊಳೆವ್ವ. ಕಳೆ ತೆಗೆಯುತ್ತ ಅವಳು ದನಿ ಎತ್ತಿದರೆ ಪಕ್ಕದ ಹೊಲದ ಆಳುಗಳೂ ಕೈ ನಿಲ್ಲಿಸಿ ಕೇಳುತ್ತಿದ್ದರಂತೆ. ಹಾನಗಲ್ಲಿನಲ್ಲಿ ಡೇರೆ ಹಾಕಿದ್ದ ನಾಟಕದ ಕಂಪನಿಯೊಂದು ಆ ಕಂಠವನ್ನು ಒಯ್ದಿತು. ಹೋದ ಹೊಳೆವ್ವ ಮರಳಿ ಬರಲಿಲ್ಲ. ಎಲುಬಿಲ್ಲದ ನಾಲಿಗೆಗಳು ಊರ ತುಂಬ ಆಡಿದ್ದೇ ಆಡಿದ್ದು. ಇದಾಗಿ ಕೆಲ ವರ್ಷಕ್ಕೆ ಪುಟ್ಟ ಗುತ್ತೆವ್ವ ತೊದಲತೊಡಗಿದಾಗ ಓಣಿಯ ಮುದುಕಿಯರು, “ಹೊಳೆವ್ವನ ಕಂಠನ ಬಂದೈತಿ ನೋಡ್ರಿ” ಎಂದದ್ದೇ ತಡ, ಉಡಚಪ್ಪನ ಮನೆಯಲ್ಲಿ ಜೋಗುಳ ಕೂಡ ನಿಂತುಹೋಯಿತು.

ಅಂಥವನು ಮೂವತ್ತರ ದಶಕದ ಕೊನೆಗೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮಗಳನ್ನು ಮಾಸ್ತರಿಕೆ ಕಲಿಯಲೆಂದು ಧಾರವಾಡದ ಕಾಲೇಜಿಗೆ ಕಳಿಸುವ ಧೈರ್ಯ ಮಾಡಿದನೆಂಬುದನ್ನು ಮರೆಯಬಾರದು. ಅಲ್ಲಿ ಸಂಗೀತಶಾಸ್ತ್ರದ ಮೊದಲ ಪಾಠಗಳೂ ಇವೆಯೆಂದು ತಿಳಿದಾಗ ಅವನು ಮಗಳನ್ನು ಎದುರಿಗೆ ಕೂರಿಸಿಕೊಂಡ.

“ಶಾಸ್ತ್ರ ಓದು, ಬರಿ, ಬ್ಯಾಡನ್ನೂದಿಲ್ಲ. ಬಾಯಿ ಮಾತ್ರ ತೆರೀಬ್ಯಾಡ. ನಾ ಹೇಳೂತನಕಾ ಹಾಡೂದಿಲ್ಲಂತ ಮಾತು ಕೊಡು.”

“ಕೊಟ್ಟೆ, ಅಪ್ಪಾ.”

ವಾದಿ, ಸಂವಾದಿ, ಆರೋಹ, ಅವರೋಹ, ಇಪ್ಪತ್ತೆರಡು ಶ್ರುತಿಗಳ ಗಣಿತ. ಜೊತೆಯ ಹುಡುಗಿಯರಿಗೆ ಆಕಳಿಕೆ ತರಿಸುತ್ತಿದ್ದ ಆ ಒಣ ಶಾಸ್ತ್ರವನ್ನು ಗುತ್ತೆವ್ವ ಬಾಯಾರಿದವಳಂತೆ ಗಟಗಟನೆ ಕುಡಿದಳು. ಅವಳ ಪಾಲಿಗೆ ಬಂದ ಸಂಗೀತವೆಂದರೆ ಅದೊಂದೇ. ತನಗೆ ಕಂಠವಿದೆಯೋ ಇಲ್ಲವೋ ಎಂಬುದೇ ಆ ಹುಡುಗಿಗೆ ಗೊತ್ತಿರಲಿಲ್ಲ. ಅದನ್ನೊಂದು ತಿಳಿಯಬೇಕೆಂದು ಜೀವ ಹಪಹಪಿಸುತ್ತಿತ್ತು. ಬಾವಿಕಟ್ಟೆಯಲ್ಲಿ ಯಾರೂ ಇಲ್ಲದಾಗ ಬಾಯಿ ತೆರೆದು, ಹಾಗೆಯೇ ಮುಚ್ಚಿ, ನೀರು ಸೇದಿಕೊಂಡು ಬಂದದ್ದುಂಟು. ಹುಚ್ಚು ಹುಡುಗಿ! ಹಾಡಿದ್ದರೆ ಯಾರು ಕೇಳುತ್ತಿದ್ದರು?

ಪರೀಕ್ಷೆಯ ದಿನ ಸಂಗೀತದ ಮಾಸ್ತರು ಹಾರ್ಮೋನಿಯಂ ಪೇಟಿಯ ಮುಂದೆ ಕೂತು, “ಸಾ ಹಚ್ಚವಾ” ಎಂದರು. ಇವಳು ನೆಲ ನೋಡಿದಳು.

“ಬಾಯಾಗ ಅವಲಕ್ಕಿ ತುಂಬಿಕೊಂಡೀಯೇನ?”

“ಹಾಡೂದಿಲ್ಲಂತ ಅಪ್ಪಗ ಮಾತು ಕೊಟ್ಟೇನ್ರಿ. ನೀವು ನುಡಿಸ್ರಿ, ಯಾವ ಸ್ವರಾ ಅಂತ ಹೇಳ್ತೇನಿ.”

ಮಾಸ್ತರು ಸಿಟ್ಟಿನಿಂದಲೇ ನುಡಿಸಿದರು, ಸುತ್ತಿ ಬಳಸಿ ನುಡಿಸಿದರು. ಅವಳು ಎಲ್ಲಿಯೂ ತಪ್ಪಲಿಲ್ಲ. ಪಾಸು ಮಾಡಿದರು, ಮಾಡಿ, “ಅಡಗಿ ಹೆಸರು ಬರದ್ರ ಹೊಟ್ಟಿ ತುಂಬೂದಿಲ್ಲ, ತಂಗಿ” ಎಂದರು. ಆ ಮಾತು ಅವಳಿಗೆ ನಾಟಿತು. ಆ ದಿನ ಊಟಕ್ಕೆ ಏಳಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಉಡಚಪ್ಪ ಹಿರೇಕೆರೂರಿನ ಪೇಟೆಗೆ ಹತ್ತಿ ತಂದವನು, ಮಗಳನ್ನು ಕಂಡು ಹೋಗೋಣವೆಂದು ಶಾಲೆಯ ಕಟ್ಟೆಯ ಮೇಲೆ ಕೂತ. ಒಳಗೆ ರೋಶನಬಿ ಎಂಬ ಹುಡುಗಿ ಹಾಡುತ್ತಿದ್ದಳು. ಗುತ್ತೆವ್ವ ಪೇಟಿ ನುಡಿಸಿ, ಬೆರಳು ತೋರಿಸಿ ಸಿದ್ಧಪಡಿಸಿದ ಕಂಠ. ಹಾಡು ಮುಗಿಯುವ ಹೊತ್ತಿಗೆ ಮುದುಕ ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ನೀನ ಕಲಿಸಿದ್ಯಾ? ಹಾಡದನ?”

“ಹಾಡದನ, ಅಪ್ಪಾ.”

“ಈಗ ಹೇಳಾಕತ್ತೇನಿ. ಹಾಡು ಮಗಳ. ನನ್ನ ಮುಂದ ಒಂದ ಸಲ ಹಾಡು.”

ಹುಡುಗಿಯರನ್ನು ಮನೆಗೆ ಕಳಿಸಿ, ಕದ ಹಾಕಿ, ಗುತ್ತೆವ್ವ ಪೇಟಿಯಲ್ಲಿ ಷಡ್ಜ ಹಿಡಿದು ಬಾಯಿ ತೆರೆದಳು. ಬಂದದ್ದು ಒಂದು ಒರಟು, ನಡುಗುವ ದನಿ. ಷಡ್ಜಕ್ಕೆ ತಾಗಿ ನಿಲ್ಲಲಾರದೆ ಜಾರಿತು. ಎರಡನೆಯ ಸಲ ಗಾಂಧಾರದವರೆಗೆ ಏರಲು ಹೋಗಿ ನಡುವೆಯೇ ಒಡೆಯಿತು. ಬೇರೆ ಹೆಂಗಸಾಗಿದ್ದರೆ, ಏನೋ ಹಾಡಿದೆನಲ್ಲ ಎಂದು ಹಿಗ್ಗುತ್ತಿದ್ದಳು. ಇವಳಿಗೆ ಆ ಭಾಗ್ಯವೂ ಇಲ್ಲ. ಎಷ್ಟು ಶ್ರುತಿ ಇಳಿಯಿತೆಂಬುದು ಕೂಡ ನಿಖರವಾಗಿ ತಿಳಿಯುತ್ತಿತ್ತು. ಶಾಸ್ತ್ರದ ಗಂಧವಿಲ್ಲದ ಉಡಚಪ್ಪನಿಗೂ ತಿಳಿಯಿತು: ಇದು ಹೊಳೆವ್ವನ ಕಂಠವಲ್ಲ.

“ಇದಕ್ಕ ಹೆದರಿದ್ನೇನವಾ ನಾ, ಇಷ್ಟ ವರ್ಷಾ?” ಎಂದವನು ಬಿಕ್ಕಿ ಅತ್ತ.

“ಸಣ್ಣಾಕಿದ್ದಾಗಿಂದ ಹಾಡಿದ್ರ ಬರತಿತ್ತೋ ಏನೋ, ಅಪ್ಪಾ. ಈಗ ಯಾರು ಹೇಳ್ಯಾರು?” ಎಂದಳು ಗುತ್ತೆವ್ವ. ದನಿಯಲ್ಲಿ ದೂರು ಇರಲಿಲ್ಲ. ಅಪ್ಪನಿಗೆ ನೀರು ಕೊಟ್ಟು, ಪೇಟಿಯ ಗಾಳಿ ಹಾಕುವ ಭಾತಿ ಮುಚ್ಚಿದಳು. ಮರುದಿನ ರೋಶನಬಿಗೆ, ನಿನ್ನೆ ನಿಷಾದ ಇಳಿದಿತ್ತೆಂದು ಎಂದಿನಂತೆ ಗದರಿದಳಂತೆ.

ಹಾಡಿದವರನ್ನು ನಾಡು ನೆನೆಯುತ್ತದೆ, ಹಾಡಬೇಡವೆಂದವರನ್ನು ಬೈಯುತ್ತದೆ. ಇವರ ನಡುವೆ ಇನ್ನೊಂದು ಬಗೆಯ ಜನರಿದ್ದಾರೆ: ಹಿರಿಯರ ಭಯವನ್ನು ಜಗಳವಾಡದೆ ಹೊತ್ತು, ತಮ್ಮೊಳಗೆ ಏನಿತ್ತೆಂಬುದನ್ನು ಕೊನೆತನಕ ಅರಿಯದೆ, ಪರರ ಮಕ್ಕಳೊಳಗೆ ಇರುವುದನ್ನು ಹುಡುಕಿ ಹೊರತೆಗೆಯುವವರು. ಅವರನ್ನು ತ್ಯಾಗಿಗಳೆಂದು ಕೊಂಡಾಡಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದರೆ ಅವರ ನಷ್ಟ ನಮಗೆ ಹಗುರವಾಗುತ್ತದೆ, ಅಷ್ಟೆ, ಅವರಿಗೆ ಆಗುವುದಿಲ್ಲ.