ರೈಲ್ವೆ ಗುಂಡಪ್ಪನವರಿಗಾಗಿ ಕಾದಿಟ್ಟ ಕೋಣೆ

"ಮುಂದಿನ ಸಲ ಹೆಂಡತೀನ ಕರ್ಕೊಂಡು ಬಂದು ಒಂದು ರಾತ್ರಿ ಇಲ್ಲೇ ಉಳೀತೀನಿ" ಎಂದು ಗುಂಡಪ್ಪನವರು ವಡೋದರಾದ ಧರ್ಮಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದ ಮೂಳಜೀಭಾಯ್‌ಗೆ ಮಾತು ಕೊಟ್ಟಾಗ ಗುಂಡಪ್ಪನವರಿಗೆ ತಲೆತುಂಬ ಕೂದಲಿತ್ತು, ಮೂಳಜೀಭಾಯ್‌ಗೆ ಜೀವವಿತ್ತು.

ಅರಸೀಕೆರೆಯಿಂದ ರೈಲ್ವೆಯವರು ವರ್ಗ ಮಾಡಿದ ಹೊಸತು. ಕ್ವಾರ್ಟರ್ಸ್ ಸಿಗುವ ತನಕ ಸ್ಟೇಷನ್ ಹತ್ತಿರದ ಆ ಧರ್ಮಶಾಲೆಯ ಮೂಲೆಕೋಣೆಯೇ ಅವರ ಮನೆ. ಹೊರಡುವಾಗ ಎಲ್ಲರೂ ಆಡುವ ಮಾತನ್ನೇ ಅವರೂ ಆಡಿದ್ದು. ಮೂಳಜೀಭಾಯ್ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೋಣೆ ಗುಡಿಸಿ, ಎರಡು ಮಂಚಕ್ಕೂ ಒಗೆದ ಚಾದರ ಹಾಸಿಸಿ ಕಾದರು. ಕಾಯುತ್ತಲೇ ಸತ್ತರು. ಸತ್ತ ಮೇಲೂ ಕಾಯುವುದನ್ನು ಬಿಡಲಿಲ್ಲ.

ಆ ಕೋಣೆಯಲ್ಲಿ ಬೇರೆ ಯಾರು ಮಲಗಿದರೂ ಬೆಳಿಗ್ಗೆ ಗೇಟಿನ ಹೊರಗೆ ಏಳುತ್ತಿದ್ದರು. ಹಾಸಿಗೆ ಸಮೇತ, ಚಾದರ ಕುತ್ತಿಗೆಯವರೆಗೆ ಹೊದ್ದು. ಪಕ್ಕದಲ್ಲಿ ಪೆಟ್ಟಿಗೆ, ಚಪ್ಪಲಿಗಳು ರಸ್ತೆಯ ಕಡೆ ಮುಖ ಮಾಡಿ. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಸೂರತ್ತಿನ ಸೀರೆ ವ್ಯಾಪಾರಿಯೊಬ್ಬ, ಜನ್ಮದಲ್ಲಿ ಇಂಥ ನಿದ್ದೆ ಬಂದಿರಲಿಲ್ಲವೆಂದು ಮಾರನೆಯ ದಿನವೂ ಅದೇ ಕೋಣೆ ಕೇಳಿದನಂತೆ. ಬೀದಿಯವರಿಗೆ ಇಷ್ಟು ಸಪ್ಪೆ ದೆವ್ವ ಸಾಲದು. ಒಬ್ಬರು ನೇಣು ಹಾಕಿಕೊಂಡ ಮದುಮಗಳೆಂದರು, ಇನ್ನೊಬ್ಬರು ಡಾಕೋರ್ ಯಾತ್ರೆಗೆ ಹೊರಟು ದಾರಿಯಲ್ಲೇ ಕೊಲೆಯಾದ ಚಿನಿವಾರನೆಂದರು. ಬಿಡಿಸಲು ಬಂದ ಮಾಂತ್ರಿಕನೂ ಗೇಟಿನ ಹೊರಗೇ ಎದ್ದ. ಹೋಮಕುಂಡ ಪಕ್ಕದಲ್ಲಿತ್ತು, ಕೆಂಡ ಇನ್ನೂ ಆರಿರಲಿಲ್ಲ. ಹಳೆ ಕಟ್ಟಡ ಕೆಡವಲು ಟ್ರಸ್ಟಿನವರು ಜೆಸಿಬಿ ತರಿಸಿದರೆ, ಬೆಳಗಾಗುವಷ್ಟರಲ್ಲಿ ಅದೂ ರಸ್ತೆಗೆ ಮುಖ ಮಾಡಿ ನಿಂತಿತ್ತು. ಮೈಮೇಲಿನ ಧೂಳು ಒರೆಸಿಯೂ ಇತ್ತು.

ಕೊನೆಗೆ ಟ್ರಸ್ಟಿನ ಕೀರ್ತಿಭಾಯ್‌ಗೆ ತನ್ನ ದೊಡ್ಡಪ್ಪ ಮೂಳಜೀಭಾಯ್ ಸಾಯುವಾಗ ಹೇಳಿದ್ದು ನೆನಪಾಯಿತು: ಮೂಲೆಕೋಣೆ ರೈಲ್ವೆ ಗುಂಡಪ್ಪನದು, ಯಾರಿಗೂ ಕೊಡಬೇಡಿ. ಅಹಮದಾಬಾದಿನ ಕನ್ನಡ ಸಂಘದಲ್ಲಿ ವಿಚಾರಿಸಿದರೆ ರೈಲ್ವೆಯಿಂದ ನಿವೃತ್ತರಾದ ಗುಂಡಪ್ಪ ಅಂತ ಇದ್ದವರು ಒಬ್ಬರೇ.

ಅಂದಿನಿಂದ ಇಂದಿರಾಗೆ ದಿನಾ ಫೋನು. ಇಂದಿರಾ ಗುಂಡಪ್ಪನವರ ಸೊಸೆ. ನವರಂಗಪುರದ ವಿಮಾ ಕಚೇರಿಯಲ್ಲಿ ಕೆಲಸ. ಗಂಡ ಹೃಷಿಕೇಶ ಸೂರತ್ತಿನ ಕೈಗಾರಿಕಾ ಪ್ರದೇಶ ಸಚಿನ್‌ನಲ್ಲಿ ಬಟ್ಟೆ ಕಾರ್ಖಾನೆ ಸೇರಿ, ಭಾನುವಾರದ ಗಂಡನಾಗಿದ್ದ. ಮಾವ, ಮಗಳು, ಕುಕ್ಕರು, ಕಚೇರಿ ಎಲ್ಲ ಇವಳ ತಲೆಗೆ. ಊಟದ ಡಬ್ಬಿ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಕೀರ್ತಿಭಾಯ್: "ಇಂದಿರಾಬೆನ್, ನಿಮ್ಮ ಮಾವನನ್ನ ಒಂದು ಸಲ ಕಳಿಸಿ. ಗೋಡೆ ತಾನಾಗೇ ಬೀಳ್ತಾ ಇದೆ."

ಗುಂಡಪ್ಪನವರು ಜಪ್ಪಯ್ಯ ಅನ್ನಲಿಲ್ಲ. "ಹೆಂಡತೀನ ಕರ್ಕೊಂಡು ಬರ್ತೀನಿ ಅಂದಿದ್ದೆ ಕಣಮ್ಮ. ಅವಳಿಲ್ಲದೆ ಹೋದ್ರೆ ಮಾತು ತಪ್ಪಿದ ಹಾಗೆ. ಹೋಗದೇ ಇದ್ರೆ ತಡ ಆಗಿದೆ ಅಷ್ಟೇ. ರೈಲು ತಡ ಆದ್ರೆ ರದ್ದು ಅಂತಾರಾ?"

ಅತ್ತೆ ತುಂಗಾ ಬದುಕಿದ್ದಷ್ಟು ದಿನವೂ "ಎಂದು ಕರ್ಕೊಂಡು ಹೋಗ್ತೀರ್ರೀ ಆ ನಿಮ್ಮ ಧರ್ಮಶಾಲೆಗೆ?" ಎಂದು ರೇಗಿಸುತ್ತಿದ್ದರು. "ಬರೋ ತಿಂಗಳು" ಎನ್ನುತ್ತಿದ್ದರು ಇವರು. ಕೊರೊನಾಕ್ಕೆ ಮುಂಚೆ ಅತ್ತೆ ಹೋದರು. ಬರೋ ತಿಂಗಳು ಬರಲೇ ಇಲ್ಲ. ಇಂದಿರಾ ಗೋಡೆಯ ಮೇಲಿನ ಅತ್ತೆಯ ಪಟ ನೋಡಿದಳು, ಮಾವನನ್ನು ನೋಡಿದಳು.

"ಮಾವ, ಸ್ಟೇಷನ್ನೇ ಕುಸಿದು ಬಿದ್ದ ಮೇಲೆ ನಿಮ್ಮ ರೈಲು ಎಲ್ಲಿ ನಿಲ್ಲತ್ತೆ? ಅತ್ತೇನೂ ಕರ್ಕೊಂಡೇ ಹೋಗೋಣ."

ಗುಂಡಪ್ಪನವರು ಗೋಡೆಯಿಂದ ಪಟ ಇಳಿಸುತ್ತ, "ಅವಳಿಗೆ ಕಿಟಕಿ ಪಕ್ಕದ ಸೀಟು ಬೇಕು" ಎಂದರು.

ಭಾನುವಾರ ಹೃಷಿಕೇಶ ಬರುವ ದಿನ, ಬಿಡುವು ಸಿಕ್ಕಿದ್ದು ಶನಿವಾರ ಒಂದೇ. ಅವತ್ತೇ ಸಂಜೆ ಮಗಳು ವರ್ಷಿಣಿಯ ಶಾಲೆಯಲ್ಲಿ ನಾಟಕ. ಅವಳು ಬೇವಿನ ಮರ. ಅಹಮದಾಬಾದಿನಲ್ಲೇ ಬೆಳೆದ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ. "ಮಮ್ಮಿ, ಲಾಸ್ಟ್ ಟೈಮ್ ನಾನು ಮೊಲ ಇದ್ದೆ, ನೀನು ಇರ್ಲಿಲ್ಲ. ಅದರ ಪೆಹಲೇ ನಾನು ಚಂದಮಾಮ, ತಬ್ ಭೀ ಇರ್ಲಿಲ್ಲ. ಈ ಸಲ ಪಕ್ಕಾ ನಾ?"

"ಪಕ್ಕಾ ಪುಟ್ಟಿ. ಪರದೆ ಏಳೋ ಮೊದಲೇ ಬಂದು ಕೂತಿರ್ತೀನಿ."

ಮಗಳನ್ನು ಪಕ್ಕದ ಮನೆಯ ಕೃಪಾಗೆ ಒಪ್ಪಿಸಿ, ಮಾವ ಮತ್ತು ಪಟದೊಂದಿಗೆ ಬೆಳಗಿನ ರೈಲು ಹತ್ತಿದಳು. ಟವೆಲ್ ಸುತ್ತಿದ ತುಂಗಾ ಕಿಟಕಿ ಪಕ್ಕ ಕೂತರು.

ಇಂದಿರಾಳ ಲೆಕ್ಕಾಚಾರ ಸರಳ. ಕಿಟಕಿ ಮುಚ್ಚಿದರೆ ಕತ್ತಲೆ, ಕತ್ತಲೆಯಲ್ಲಿ ಮಲಗಿ ಎದ್ದರೆ ರಾತ್ರಿ. ಮೂಲೆಕೋಣೆಗೆ ಕಾಲಿಟ್ಟು ಗಾಳಿಗೆ ಕೈಮುಗಿದಳು: "ಮೂಳಜೀಭಾಯ್, ಸಂಜೆ ಮಗಳ ನಾಟಕ ಇದೆ. ಮಧ್ಯಾಹ್ನಾನೇ ರಾತ್ರಿ ಅಂದ್ಕೊಂಡು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಕೋಣೆ ಅತ್ತೆಯ ಪಟವನ್ನು ತಕರಾರಿಲ್ಲದೆ ಒಪ್ಪಿಕೊಂಡಿತು. ಟವೆಲ್ ಬಿಚ್ಚಿ ಒಳಗಿನ ಮಂಚದ ಮೇಲಿಟ್ಟು ಈ ಕಡೆ ತಿರುಗುವಷ್ಟರಲ್ಲಿ ಪಟಕ್ಕೆ ದಿಂಬು ಕೊಟ್ಟು ಹೊದಿಸಿ ಆಗಿತ್ತು. ಆದರೆ ಮಧ್ಯಾಹ್ನವನ್ನು ಒಪ್ಪಲಿಲ್ಲ. ಗುಂಡಪ್ಪನವರು ಒಂದು ನಿದ್ದೆ ತೆಗೆದು ಎದ್ದು, ಇಂದಿರಾ ಕೈಚೀಲ ಎತ್ತಿದ್ದೇ ತಡ, ಮುಚ್ಚಿದ್ದ ಕಿಟಕಿಗಳೆಲ್ಲ ಧಡಾರನೆ ತೆರೆದು ಕಣ್ಣು ಕುಕ್ಕುವ ಬಿಸಿಲು ಒಳಗೆ ಬಿತ್ತು. ಇದಾ ರಾತ್ರಿ, ಎಂದ ಹಾಗೆ. ಚೀಲವನ್ನು ಗೇಟಿಗೆ ಒಯ್ದಿಟ್ಟು ಬಂದರೆ, ಅದು ಇವಳಿಗಿಂತ ಮೊದಲೇ ಕೋಣೆ ಸೇರಿತ್ತು. ಮಾವನ ಪಂಚೆ ಗೂಟದಲ್ಲಿ ನೇತಾಡುತ್ತಿತ್ತು.

"ದೊಡ್ಡಪ್ಪ ಒಪ್ಪಲ್ಲ ಬೆನ್" ಎಂದ ಬಾಗಿಲ ಹೊರಗಿನಿಂದ ಕೀರ್ತಿಭಾಯ್. ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ. "ಬದುಕಿದ್ದಾಗಲೂ ಹೀಗೇ. ಬಂದವರನ್ನ ಬಿಡ್ತಾ ಇರ್ಲಿಲ್ಲ."

ಇಂದಿರಾ ಹೊಸ್ತಿಲಲ್ಲಿ ನೋಡಿದಳು. ಅವಳ ಚಪ್ಪಲಿ ರಸ್ತೆಯ ಕಡೆ ತಿರುಗಿದ್ದವು. ಮಾವನವು ಮಂಚದ ಕೆಳಗೆ ಜೋಡಿಯಾಗಿ ಕೂತಿದ್ದವು.

"ನಿನ್ನನ್ನ ಯಾರೂ ಹಿಡಿದಿಲ್ಲ. ನೀನು ಹೊರಡು" ಎಂದರು ಗುಂಡಪ್ಪನವರು.

"ನಿಮ್ಮೊಬ್ಬರನ್ನೇ ದೆವ್ವದ ಜೊತೆ ಬಿಟ್ಟು ಹೋದೆ ಅಂದ್ರೆ ನಿಮ್ಮ ಮಗ ಏನಂತಾರೆ?"

"ಒಬ್ಬನೇ ಎಲ್ಲಿ? ನಿಮ್ಮತ್ತೆ ಇದಾಳಲ್ಲ."

ಹಿಂದಿರುಗುವ ರೈಲಿನ ಹೊತ್ತಾಗುತ್ತಿತ್ತು. ಹೋದರೆ ಬಿಪಿ ಇರುವ ಮುದುಕರು ಪಾಳು ಕಟ್ಟಡದಲ್ಲಿ. ಇದ್ದರೆ ಬೇವಿನ ಮರ ಖಾಲಿ ಕುರ್ಚಿ ನೋಡುತ್ತ ನಿಂತಿರುತ್ತದೆ. ಇಂದಿರಾ ಕೋಣೆಯ ನಡುವೆ ನಿಂತು ಸೊಂಟಕ್ಕೆ ಕೈಕೊಟ್ಟಳು.

"ಮೂಳಜೀಭಾಯ್, ಕೇಳಿಸ್ಕೊಳ್ಳಿ. ಬಿಳಿ ಮಾತ್ರೆ ರಾತ್ರಿ ಊಟ ಆದ್ಮೇಲೆ. ಕೆಂಪದು ಬೆಳಿಗ್ಗೆ." ಹಿಂದಿಯಲ್ಲಿ ಶುರು ಮಾಡಿದ್ದು ಸುಸ್ತಿಗೆ ಕನ್ನಡಕ್ಕೆ ಜಾರಿತ್ತು. "ತಗೊಂಡೆ ಅಂತ ಸುಳ್ಳು ಹೇಳ್ತಾರೆ, ನಾಲಿಗೆ ಕೆಳಗೆ ನೋಡಿ. ಬಚ್ಚಲಿಗೆ ಎದ್ರೆ ದೀಪ ಹಾಕಿ. ಉಪ್ಪಿನಕಾಯಿ ಮುಟ್ಟಿಸಬೇಡಿ."

"ಅದ್ಯಾಕೆ ಅದನ್ನೆಲ್ಲ ಹೇಳ್ತೀಯೇ!" ಎಂದು ಗುಂಡಪ್ಪನವರು ಸಿಡುಕಿದರು.

ಮಾತ್ರೆ ಡಬ್ಬಿ ಚೀಲದಿಂದ ಹೊರಬಂದು ನೀರಿನ ಹೂಜಿ ಪಕ್ಕ ಕೂತಿತು. ಬಿಳಿ ಮಾತ್ರೆ ಮುಂದೆ, ಕೆಂಪದು ಹಿಂದೆ. ಇಂದಿರಾ ಡಬ್ಬಿಯನ್ನೇ ನೋಡಿದಳು. ಹೃಷಿಕೇಶನಿಗೆ ಮದುವೆಯಾದಾಗಿನಿಂದ ಹೇಳಿದರೂ ಇಂದಿಗೂ ಯಾವುದು ಯಾವಾಗ ಎಂದು ಕೇಳುತ್ತಾನೆ. ಈ ಮನುಷ್ಯ ಸತ್ತಿದ್ದಾನೆ, ಒಂದೇ ಸಲಕ್ಕೆ ಅರ್ಥಮಾಡಿಕೊಂಡ. ಅವಳು ಚಪ್ಪಲಿ ಮೆಟ್ಟಿ ಓಡಿದಳು.

ಶಾಲೆಯ ಸಭಾಂಗಣದಲ್ಲಿ ಕೂತು ಬೆವರೊರೆಸಿಕೊಳ್ಳುವಷ್ಟರಲ್ಲಿ ಪರದೆ ಎದ್ದಿತು. ಬೇವಿನ ಮರ ಅಮ್ಮನನ್ನು ನೋಡಿ, ಅಲ್ಲಾಡಬಾರದಾಗಿದ್ದರೂ, ಕೊಂಬೆ ಆಡಿಸಿತು.

ಭಾನುವಾರ ಮೊದಲ ರೈಲಿಗೆ ವಡೋದರಾ. ಗೇಟಿನಲ್ಲಿ ಕೀರ್ತಿಭಾಯ್, ಗುದ್ದಲಿ ಹಿಡಿದ ಆಳುಗಳು. ಗುಂಡಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಟ ಎದೆಗವಚಿಕೊಂಡು ತಾವೇ ನಡೆದು ಹೊರಗೆ ಬಂದರು. ಹಿಂದಿನ ದಿನ ಆ ಅಂಗಿ ಮುದ್ದೆಯಾಗಿತ್ತು.

"ನಿದ್ದೆ ಬಂತಾ ಮಾವ?"

"ಎಲ್ಲಿ ಬರತ್ತೆ? ಮಂಚ ಗಟ್ಟಿ ಅಂತ ನಿಮ್ಮತ್ತೆ ರಾತ್ರಿಯೆಲ್ಲ ಗೊಣಗಿದಳು." ಕನ್ನಡಕ ತೆಗೆದು ಒರೆಸಿದರು. "ಇದಕ್ಕಾ ಇಷ್ಟು ವರ್ಷ ಕಾಯಿಸಿದ್ದು ಅಂದಳು."

ಅವರ ಚಪ್ಪಲಿ ಗೇಟಿನ ಹೊರಗೆ, ರಸ್ತೆಯ ಕಡೆ ಮುಖ ಮಾಡಿ ಕಾಯುತ್ತಿದ್ದವು. ಗುಂಡಪ್ಪನವರು ಮೂಲೆಕೋಣೆಯ ಕಡೆ ತಿರುಗಿ ಕೈಮುಗಿದರು. "ಬಹಳ ಉಪಕಾರ ಆಯ್ತು ಮೂಳಜೀಭಾಯ್. ಮುಂದಿನ ಸಲ ಮೊಮ್ಮಗಳನ್ನೂ ಕರ್ಕೊಂ—"

ಇಂದಿರಾ ಹಾರಿ ಮಾವನ ಬಾಯಿ ಮುಚ್ಚಿದಳು. ಕೀರ್ತಿಭಾಯ್ ತಲೆ ಹಿಡಿದುಕೊಂಡ. ಎಲ್ಲರೂ ಕಿವಿಗೊಟ್ಟು ನಿಂತರು. ಒಳಗೆ ಚಾದರ ಕೊಡವಿ ಮಡಿಸುವ ಸದ್ದಾಯಿತು. ಆಮೇಲೆ ಏನೂ ಇಲ್ಲ. ಆಳುಗಳು ಒಳಗೆ ಹೋದರು. ಯಾರೂ ಹೊರಗೆ ಬೀಳಲಿಲ್ಲ.

ಗುಂಡಪ್ಪನವರು ಕೊಟ್ಟ ಮಾತು ನಡೆಸಿಕೊಟ್ಟರು.